ಕೊಳ್ಳುಬಾಕತನದ ಪ್ರಬಂಧ ತಿದ್ದುವಾಗ ಮೊದಲು ಕೇಳಬೇಕಾದ್ದು: ‘ಇಂದಿನ ಜನ’ ಅಂದ್ರೆ ಯಾರು?

“ಇಂದಿನ ಆಧುನಿಕ ಯುಗದಲ್ಲಿ ಮಾನವನು ಭೌತಿಕವಾದಕ್ಕೆ ಮಾರುಹೋಗಿದ್ದಾನೆ. ಪಾಶ್ಚಾತ್ಯ ಸಂಸ್ಕೃತಿಯ ಪ್ರಭಾವದಿಂದ ಇಂದಿನ ಜನರು, ಅದರಲ್ಲೂ ಯುವಜನರು, ಅಗತ್ಯವಿಲ್ಲದ ವಸ್ತುಗಳನ್ನು ಕೊಳ್ಳುತ್ತಾ ಸಾಲದ ಕೂಪಕ್ಕೆ ಬೀಳುತ್ತಿದ್ದಾರೆ. ನಮ್ಮ ಪೂರ್ವಜರು ಇದ್ದುದರಲ್ಲೇ ತೃಪ್ತಿಯಿಂದ ಬದುಕುತ್ತಿದ್ದರು.”

ಈ ಸಾಲುಗಳನ್ನು ಎಲ್ಲೋ ಓದಿದ ಹಾಗಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಪಿಯುಸಿಯಲ್ಲಿ ನೀವೇ ಬರೆದಿರಬಹುದು. ಕೊಳ್ಳುಬಾಕ ಸಂಸ್ಕೃತಿಯ ಬಗ್ಗೆ ಕನ್ನಡದಲ್ಲಿ ಬರೆಯುವ ಪ್ರಬಂಧಗಳು ಸಾಮಾನ್ಯವಾಗಿ ಶುರುವಾಗೋದೇ ಹೀಗೆ. ಮೇಲಿನದು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳ ಪ್ರಬಂಧದ ಮೊದಲ ಪ್ಯಾರಾ. ಅಂತರ್‌ ಕಾಲೇಜು ಸ್ಪರ್ಧೆಗೆ ಕಳಿಸುವ ಮುಂಚೆ ನೋಡಿಕೊಡಿ ಅಂತ ನನಗೆ ಕೊಟ್ಟಿದ್ದಳು. ತುಮಕೂರಿನ ಹಾಸ್ಟೆಲೊಂದರಲ್ಲಿ ಭಾನುವಾರಗಳಂದು ಓದು-ಬರಹದ ವಿಷಯ ಮಾತಾಡೋಕೆ ನಾನು ಹೋಗ್ತಿರ್ತೀನಿ. ಅಲ್ಲಿನ ಪರಿಚಯ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೀತಿದೀನಿ.

ಪ್ರಬಂಧದಲ್ಲಿ ಕಾಗುಣಿತದ ತಪ್ಪು ಕಡಿಮೆ ಇತ್ತು, ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಲ್ಲವೂ ಇತ್ತು. ಹಾಗಾಗಿ ತಿದ್ದುವ ಕೆಲಸ ಭಾಷೆಯದ್ದಾಗಿರಲಿಲ್ಲ. ಆ ನಾಲ್ಕು ಪುಟದಲ್ಲಿ ‘ಜನ’ ಕೊಳ್ತಾರೆ, ‘ಮಾನವ’ ದುರಾಸೆ ಪಡ್ತಾನೆ, ‘ಯುವಪೀಳಿಗೆ’ ಹಾಳಾಗುತ್ತೆ. ಆದರೆ ಮಾರುವವರು, ಸಾಲ ಕೊಡುವವರು, ಆ ಸರಕು ತಯಾರಿಸುವವರು ಯಾರೂ ಕಾಣಿಸೋದೇ ಇಲ್ಲ. ಇದು ಅವಳೊಬ್ಬಳ ಸಮಸ್ಯೆ ಅಲ್ಲ. ನಮ್ಮ ಸಾರ್ವಜನಿಕ ಚರ್ಚೆಯೂ ಹೆಚ್ಚುಕಮ್ಮಿ ಇದೇ ಪ್ರಬಂಧವನ್ನ ಬೇರೆ ಬೇರೆ ದನಿಯಲ್ಲಿ ಓದ್ತಿದೆ. ಅದಕ್ಕೇ ನಾವಿಬ್ಬರೂ ಕೂತು ತಿದ್ದಿದ್ದನ್ನ ಇಲ್ಲಿ ಹಂತ ಹಂತವಾಗಿ ಇಡ್ತಿದೀನಿ.

ಪದದಲ್ಲೇ ತೀರ್ಪು ಇದೆ

ಮೊದಲ ಸಾಲಿನ ‘ಭೌತಿಕವಾದ’ ಅನ್ನೋ ಪದದಿಂದಲೇ ಶುರು ಮಾಡಿದ್ವಿ. ಈ ಪದ ಎರಡು ಬೇರೆ ಬೇರೆ ಸಂಗತಿಗಳಿಗೆ ಬಳಕೆಯಾಗುತ್ತೆ. ಒಂದು, ವಸ್ತುಗಳ ಮೇಲಿನ ಮೋಹ. ದೊಡ್ಡ ಟಿವಿ, ಹೊಸ ಬೈಕು, ಬ್ರಾಂಡೆಡ್‌ ಶೂ ಇದ್ರೇನೇ ಬದುಕು ಅನ್ನೋ ಮನಸ್ಥಿತಿ. ಇನ್ನೊಂದು, ತತ್ವಶಾಸ್ತ್ರದ ಭೌತವಾದ. ಜಗತ್ತಿಗೆ ಮೂಲ ಭೌತಿಕ ವಸ್ತುವೇ, ಅದರಾಚೆಗೆ ಯಾವ ಅಗೋಚರ ಶಕ್ತಿಯೂ ಇದನ್ನ ನಡೆಸ್ತಿಲ್ಲ ಅನ್ನೋ ನಿಲುವು. ನಮ್ಮಲ್ಲೇ ಲೋಕಾಯತರು, ಚಾರ್ವಾಕರು ಇದನ್ನ ಹೇಳಿದ್ರು. ಅವರ ವಿಚಾರ ನಮಗೆ ಸಿಗೋದೇ ಬಹುಪಾಲು ಅವರ ವಿರೋಧಿಗಳು ಬರೆದಿಟ್ಟ ಪುಸ್ತಕಗಳ ಮೂಲಕ. ಮಾರ್ಕ್ಸ್‌ನ ಭೌತವಾದ ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಜನ ಹೇಗೆ ದುಡೀತಾರೆ, ಹೇಗೆ ಬದುಕ್ತಾರೆ ಅನ್ನೋದು ಅವರ ಯೋಚನೆಗಳನ್ನ ರೂಪಿಸುತ್ತೆ ಅಂತ ವಾದಿಸುತ್ತೆ.

ಇವೆರಡನ್ನ ಕಲಸಿದರೆ ಏನಾಗುತ್ತೆ? ಹೊಸ ಫೋನಿಗಾಗಿ ಕ್ಯೂ ನಿಂತವನೂ ಭೌತವಾದಿ, ‘ಕೂಲಿ ಯಾಕೆ ಕಮ್ಮಿ’ ಅಂತ ಕೇಳಿದವಳೂ ಭೌತವಾದಿ ಅಂತಾಗುತ್ತೆ. ಆಮೇಲೆ ಇಬ್ಬರಿಗೂ ಒಂದೇ ಮದ್ದು: ಆಸೆ ಬಿಡಿ, ಅಧ್ಯಾತ್ಮದ ಕಡೆ ಬನ್ನಿ. ಹಾಗಾಗಿ ಮೊದಲ ತಿದ್ದುಪಡಿ ‘ಭೌತಿಕವಾದ’ ತೆಗೆದು ‘ಸರಕು ಮೋಹ’ ಅಂತ ಹಾಕಿದ್ದು. ‘ಪಾಶ್ಚಾತ್ಯ ಸಂಸ್ಕೃತಿ’ಯೂ ಹೋಯ್ತು. ಚಿನ್ನ, ರೇಷ್ಮೆ, ಮದುವೆಯ ಆಡಂಬರ ಇವೆಲ್ಲ ನಮಗೆ ಯಾರೂ ಹಡಗಿನಲ್ಲಿ ತಂದುಕೊಟ್ಟ ಚಾಳಿಗಳಲ್ಲ.

‘ಕೊಳ್ಳುಬಾಕ’ ಅನ್ನೋ ಪದವನ್ನೂ ಒಮ್ಮೆ ಗಮನಿಸಿ. ಹೊಟ್ಟೆಬಾಕ ಅನ್ನೋದರ ಅಚ್ಚಿನಲ್ಲೇ ಮಾಡಿದ ಪದ. ಚಂದದ ಪದವೇ. ಆದರೆ ಅದರೊಳಗೆ ತೀರ್ಪು ಮೊದಲೇ ಕೂತಿದೆ. ತಪ್ಪು ತಿನ್ನುವವನದ್ದು, ಕೊಳ್ಳುವವನದ್ದು. ಬಡಿಸಿದವರು ಯಾರು ಅಂತ ಆ ಪದ ಕೇಳೋದಿಲ್ಲ. ಪದವನ್ನ ಬಿಡಬೇಕಾಗಿಲ್ಲ, ಆದರೆ ಅದು ಮುಚ್ಚಿಟ್ಟಿರೋದನ್ನ ನಾವು ಕೇಳಬೇಕು.

‘ಇಂದಿನ ಜನ’ರ ಲೆಕ್ಕ

“‘ಇಂದಿನ ಜನರು’ ಅಂತ ಹನ್ನೊಂದು ಸಲ ಬರೆದಿದೀಯಾ. ಅದರಲ್ಲಿ ನಿಮ್ಮನೆಯವರು ಇದ್ದಾರಾ?” ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ ಅಕ್ಕಾ, ನಾವೇನ್‌ ತಗಂತೀವಿ?” ಅಂದಳು.

ಆಗ ಲೆಕ್ಕ ತೆಗೆದ್ವಿ. ಕೇಂದ್ರ ಸರ್ಕಾರದ 2022-23ರ ಮನೆವಾರು ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ಹಳ್ಳಿಗಳಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ತಿಂಗಳ ಖರ್ಚು 3,773 ರೂಪಾಯಿ, ನಗರಗಳಲ್ಲಿ 6,459 ರೂಪಾಯಿ. ಸರಾಸರಿಯನ್ನ ಬಿಡಿಸಿ ನೋಡಿದರೆ ನಿಜವಾದ ಚಿತ್ರ ಸಿಗುತ್ತೆ. ಹಳ್ಳಿಯ ತೀರಾ ಬಡ ಶೇ. 5ರಷ್ಟು ಜನರ ತಲಾ ಖರ್ಚು ತಿಂಗಳಿಗೆ 1,373 ರೂಪಾಯಿ. ಅಂದ್ರೆ ದಿನಕ್ಕೆ ಸುಮಾರು 46 ರೂಪಾಯಿ. ಊಟ, ಬಟ್ಟೆ, ಔಷಧಿ, ಬಸ್‌ ಚಾರ್ಜು ಎಲ್ಲ ಸೇರಿ. ನಗರದ ಮೇಲಿನ ಶೇ. 5ರಷ್ಟು ಜನರ ತಲಾ ಖರ್ಚು 20,824 ರೂಪಾಯಿ. ಸುಮಾರು 15 ಪಟ್ಟು ಅಂತರ. ಅತಿ ಶ್ರೀಮಂತರು ಇಂಥ ಸಮೀಕ್ಷೆಗಳಿಗೆ ಸರಿಯಾಗಿ ಸಿಗೋದೇ ಇಲ್ಲವಾದ್ದರಿಂದ ನಿಜವಾದ ಅಂತರ ಇನ್ನೂ ದೊಡ್ಡದಿರಬೇಕು. ಅದೇ ಸಮೀಕ್ಷೆ ಹೇಳುವಂತೆ, ಹಳ್ಳಿಯ ಮನೆಗಳ ಖರ್ಚಿನಲ್ಲಿ ಶೇ. 46ರಷ್ಟು ಊಟಕ್ಕೇ ಹೋಗುತ್ತೆ.

ದಿನಕ್ಕೆ 46 ರೂಪಾಯಿಯಲ್ಲಿ ಬದುಕುವವರನ್ನೂ, ಒಂದು ರಾತ್ರಿಯ ಪಾರ್ಟಿಗೆ ಅದರ ನೂರು ಪಟ್ಟು ಸುರಿಯುವವರನ್ನೂ ‘ಇಂದಿನ ಜನ’ ಅಂತ ಒಂದೇ ಮೂಟೆಗೆ ಕಟ್ಟಿದರೆ, ಅದು ಸಮಾಜದ ವಿಮರ್ಶೆ ಆಗೋದಿಲ್ಲ. ಹನ್ನೊಂದು ಕಡೆಯೂ ‘ಇಂದಿನ ಜನರು’ ಹೊಡೆದುಹಾಕಿ, ಪ್ರತಿ ಕಡೆಯೂ ಯಾರು ಅಂತ ಬರೀಬೇಕು ಅನ್ನೋದು ನನ್ನ ಷರತ್ತಾಗಿತ್ತು. ಹಾಗೆ ಮಾಡಿದಾಗ ನಾಲ್ಕು ವಾಕ್ಯಗಳಿಗೆ ಕರ್ತೃವೇ ಸಿಗಲಿಲ್ಲ. ಆ ನಾಲ್ಕನ್ನೂ ಅವಳೇ ತೆಗೆದಳು.

ಅಗತ್ಯ ಯಾವುದು ಅಂತ ತೀರ್ಮಾನಿಸೋದು ಯಾರು?

ಪ್ರಬಂಧದ ಎರಡನೇ ಪುಟದಲ್ಲಿ ಮೊಬೈಲ್‌ ಫೋನು ‘ಅನಗತ್ಯ ವಸ್ತು’ಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಅವಳ ಕೈಯಲ್ಲೂ ಒಂದಿತ್ತು. ಕಂತಿನಲ್ಲಿ ತಗೊಂಡಿದ್ದು.

ಅದು ಯಾಕೆ ಬೇಕಾಯ್ತು ಅಂತ ಪಟ್ಟಿ ಮಾಡು ಅಂದೆ. ಕೊರೊನಾ ಕಾಲದಲ್ಲಿ ಪಾಠ ಫೋನಿನಲ್ಲೇ ನಡೀತು. ವಿದ್ಯಾರ್ಥಿವೇತನದ ಅರ್ಜಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲೇ ಹಾಕಬೇಕು, ಆಧಾರ್‌ ಒಟಿಪಿ ಫೋನಿಗೇ ಬರುತ್ತೆ. ಡಿಗ್ರಿ ಪ್ರವೇಶ, ಪರೀಕ್ಷೆ ಶುಲ್ಕ, ಫಲಿತಾಂಶಕ್ಕೆ ಯುಯುಸಿಎಂಎಸ್‌. ಕಾಲೇಜಿನ ನೋಟಿಸ್‌ ಬೋರ್ಡ್‌ ಈಗ ವಾಟ್ಸಾಪ್‌ ಗ್ರೂಪು. ಫೋನಿಲ್ಲದ ವಿದ್ಯಾರ್ಥಿ ಇವತ್ತು ಸರ್ಕಾರದ ಲೆಕ್ಕಕ್ಕೇ ಸಿಗೋದಿಲ್ಲ. ಅಂದಮೇಲೆ ಅದನ್ನ ಅಗತ್ಯ ಮಾಡಿದ್ದು ಅವಳ ಆಸೆಯಾ, ವ್ಯವಸ್ಥೆಯಾ?

ಇದು ಫೋನಿಗಷ್ಟೇ ಸಂಬಂಧಿಸಿದ ಮಾತಲ್ಲ. ಊರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬಂದರೆ, ಕೆಲಸಕ್ಕೆ ಹೋಗುವ ಹುಡುಗ ಬೈಕ್‌ ತಗೊಳ್ಳಲೇಬೇಕು. ನಲ್ಲಿ ನೀರು ಕುಡಿಯೋಕೆ ಆಗದಿದ್ರೆ ಕ್ಯಾನ್‌ ನೀರು ಕೊಳ್ಳಬೇಕು. ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಿಲ್ಲದಿದ್ರೆ ಟ್ಯೂಷನ್‌ ಕೊಳ್ಳಬೇಕು. ಸಾರ್ವಜನಿಕವಾಗಿ ಸಿಗಬೇಕಾದ್ದು ಸಿಗದೇ ಹೋದಾಗ ಅದು ಖಾಸಗಿ ಖರೀದಿಯಾಗಿ ಮನೆಯ ಲೆಕ್ಕಪುಸ್ತಕಕ್ಕೆ ಬರುತ್ತೆ. ಹೊರಗಿನಿಂದ ನೋಡಿದವರಿಗೆ ಅದು ಕೊಳ್ಳುಬಾಕತನದ ಹಾಗೆ ಕಾಣುತ್ತೆ.

ಸಾಲ ತಾನಾಗಿ ಬರಲಿಲ್ಲ

‘ಸಾಲದ ಕೂಪಕ್ಕೆ ಬೀಳುತ್ತಿದ್ದಾರೆ’ ಅನ್ನೋ ವಾಕ್ಯದಲ್ಲಿ ಜನ ತಾವೇ ಎಡವಿ ಬಿದ್ದ ಹಾಗಿದೆ. ಕೂಪ ತೋಡಿದವರು ಯಾರು ಅನ್ನೋದು ಮುಂದಿನ ಪ್ರಶ್ನೆ.

‘ನೋ ಕಾಸ್ಟ್‌ ಇಎಂಐ’ ತಗೊಳ್ಳಿ. ಬಡ್ಡಿ ಇಲ್ಲ ಅಂತ ಬೋರ್ಡ್‌ ಹಾಕಿರ್ತಾರೆ. ಬಡ್ಡಿ ಇಲ್ಲದೆ ಬ್ಯಾಂಕು ಯಾಕೆ ಸಾಲ ಕೊಡುತ್ತೆ? ಬಡ್ಡಿ ಇದ್ದೇ ಇರುತ್ತೆ. ನಗದು ಕೊಟ್ಟು ಕೊಂಡವರಿಗೆ ಸಿಗಬಹುದಾದ ರಿಯಾಯಿತಿ ನಿಮಗೆ ಸಿಗೋದಿಲ್ಲ, ಆ ಹಣ ಬಡ್ಡಿಯ ಜಾಗಕ್ಕೆ ಹೋಗುತ್ತೆ. ಅದರ ಮೇಲೆ ಪ್ರೊಸೆಸಿಂಗ್‌ ಶುಲ್ಕ. ಕ್ರೆಡಿಟ್‌ ಕಾರ್ಡ್‌ ಕಂತಾದರೆ ಬಡ್ಡಿಯ ಭಾಗಕ್ಕೆ ಶೇ. 18 ಜಿಎಸ್‌ಟಿ ಬೇರೆ. ಶೂನ್ಯ ಬಡ್ಡಿ ಅನ್ನೋದು ಅಸ್ತಿತ್ವದಲ್ಲೇ ಇಲ್ಲದ ಪರಿಕಲ್ಪನೆ ಅಂತ ರಿಸರ್ವ್‌ ಬ್ಯಾಂಕ್‌ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬೋರ್ಡುಗಳು ಮಾತ್ರ ಇವತ್ತಿಗೂ ಇಳಿದಿಲ್ಲ.

ಇದಕ್ಕೊಂದು ದೊಡ್ಡ ಚಿತ್ರವೂ ಇದೆ. ಭಾರತದ ಜಿಡಿಪಿಯಲ್ಲಿ ಸುಮಾರು ಶೇ. 60ರಷ್ಟು ಬರೋದು ಜನರ ಖಾಸಗಿ ಬಳಕೆಯ ಖರ್ಚಿನಿಂದ. ಅಂದ್ರೆ ನೀವು ಕೊಳ್ಳೋದು ನಿಲ್ಲಿಸಿದರೆ ‘ಅಭಿವೃದ್ಧಿ ದರ’ವೂ ನಿಲ್ಲುತ್ತೆ. ಕೂಲಿ, ಸಂಬಳ ಏರಿಸಿದರೆ ಜನ ಕೊಳ್ತಾರೆ. ಅದನ್ನ ಏರಿಸದೆಯೂ ಕೊಳ್ಳುವಂತೆ ಮಾಡೋಕೆ ಒಂದೇ ದಾರಿ ಸಾಲ. 2022-23ರಲ್ಲಿ ನಮ್ಮ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಶೇ. 5ರ ಆಸುಪಾಸಿಗೆ, ಹಲವು ದಶಕಗಳಲ್ಲೇ ಕಡಿಮೆ ಮಟ್ಟಕ್ಕೆ ಇಳಿದಿತ್ತು. ಅಡಮಾನವಿಲ್ಲದ ಗ್ರಾಹಕ ಸಾಲಗಳು ಎಷ್ಟು ವೇಗವಾಗಿ ಬೆಳೆದವು ಅಂದ್ರೆ, 2023ರ ನವೆಂಬರಿನಲ್ಲಿ ರಿಸರ್ವ್‌ ಬ್ಯಾಂಕೇ ಗಾಬರಿಯಾಗಿ, ಅಂಥ ಸಾಲ ಕೊಡುವವರು ಹೆಚ್ಚು ಬಂಡವಾಳ ಎತ್ತಿಡಬೇಕು ಅಂತ ನಿಯಮ ಬಿಗಿ ಮಾಡಬೇಕಾಯ್ತು. ನಮ್ಮ ರಾಜ್ಯದಲ್ಲಿ ಮೈಕ್ರೋಫೈನಾನ್ಸ್‌ ವಸೂಲಿಗಾರರ ಕಿರುಕುಳ ತಡೆಯೋಕೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೇ ಬಂತು.

ಹಳ್ಳಿಯಲ್ಲಿ ಮೈಕ್ರೋಫೈನಾನ್ಸ್‌ ಸಾಲ ಎತ್ತಿದವರೆಲ್ಲ ಫ್ರಿಡ್ಜಿಗೋಸ್ಕರ ಎತ್ತಿದ್ರಾ? ಅವಳ ಬೀದಿಯಲ್ಲೇ ಕೇಳಿಕೊಂಡು ಬಾ ಅಂದಿದ್ದೆ. ಆಸ್ಪತ್ರೆ, ಮಗಳ ಬಾಣಂತನ, ಬೋರ್‌ವೆಲ್‌, ಹಳೇ ಸಾಲ ತೀರಿಸೋಕೆ ಹೊಸ ಸಾಲ. ಏಳು ಮನೆಯಲ್ಲಿ ಸಿಕ್ಕ ಉತ್ತರಗಳು ಇವು. ಇದು ಸಮೀಕ್ಷೆಯಲ್ಲ, ಒಂದು ಬೀದಿಯ ಮಾತು. ಆದರೆ ‘ಅಗತ್ಯವಿಲ್ಲದ ವಸ್ತುಗಳನ್ನು ಕೊಳ್ಳುತ್ತಾ’ ಅನ್ನೋ ವಾಕ್ಯವನ್ನ ಬರೆದವಳೇ ಅನುಮಾನದಿಂದ ನೋಡೋಕೆ ಅಷ್ಟು ಸಾಕಾಯ್ತು.

ಯಾವ ಪೂರ್ವಜರು?

ಈಗ ಆ ಮೂರನೇ ವಾಕ್ಯ: ‘ನಮ್ಮ ಪೂರ್ವಜರು ಇದ್ದುದರಲ್ಲೇ ತೃಪ್ತಿಯಿಂದ ಬದುಕುತ್ತಿದ್ದರು.’

ಇದಕ್ಕೆ ನಾನು ಗೆರೆ ಎಳೆದು ಪಕ್ಕದಲ್ಲಿ ‘ನಿಮ್ಮಜ್ಜಿ?’ ಅಂತಷ್ಟೇ ಬರೆದಿದ್ದೆ. ಮುಂದಿನ ಭಾನುವಾರ ಬಂದವಳು ಹೇಳಿದಳು: “ನಮ್ಮಜ್ಜಿ ಮೇಲಿನ ಬೀದೀಲಿ ಹೋಗ್ಬೇಕಾದ್ರೆ ಚಪ್ಪಲಿ ಕೈಲಿ ಹಿಡ್ಕಂಡು ಹೋಗ್ತಿದ್ರಂತೆ ಅಕ್ಕಾ. ಚಪ್ಪಲಿ ಇರ್ಲಿಲ್ಲ ಅಂತಲ್ಲ. ಮೆಟ್ಟೋ ಹಂಗಿರ್ಲಿಲ್ಲ.”

ನಮ್ಮ ಪ್ರಬಂಧಗಳಲ್ಲಿ ಬಿಟ್ಟುಹೋಗುವ ಚರಿತ್ರೆ ಇದು. ಈ ದೇಶದಲ್ಲಿ ಬಹುಪಾಲು ಜನರಿಗೆ ಏನು ಉಡಬೇಕು, ಏನು ತೊಡಬೇಕು, ಏನು ತಿನ್ನಬೇಕು ಅನ್ನೋದು ಅವರ ಜೇಬಿನ ಪ್ರಶ್ನೆಯಷ್ಟೇ ಆಗಿರಲಿಲ್ಲ. ಅದು ಜಾತಿಯ ಕಟ್ಟಳೆ. ಅಂಬೇಡ್ಕರ್‌ 1936ರ ‘ಜಾತಿ ವಿನಾಶ’ದಲ್ಲಿ ಇಂಥ ಘಟನೆಗಳನ್ನ ಒಂದೊಂದಾಗಿ ದಾಖಲಿಸಿದ್ದಾರೆ. 1928ರಲ್ಲಿ ಇಂದೋರ್‌ ಜಿಲ್ಲೆಯ ಹಳ್ಳಿಗಳ ಸವರ್ಣೀಯರು ಅಲ್ಲಿನ ಬಲಾಯಿ ಸಮುದಾಯಕ್ಕೆ ವಿಧಿಸಿದ ಷರತ್ತುಗಳು ಅದರಲ್ಲಿವೆ: ಜರಿಯಂಚಿನ ಪೇಟ ಸುತ್ತಬಾರದು, ಬಣ್ಣದ ಅಂಚಿನ ಪಂಚೆ ಉಡಬಾರದು, ಹೆಂಗಸರು ಚಿನ್ನ, ಬೆಳ್ಳಿ ತೊಡಬಾರದು. ಅಹಮದಾಬಾದ್‌ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಸ್ಪೃಶ್ಯ ಹೆಂಗಸರು ಲೋಹದ ಕೊಡದಲ್ಲಿ ನೀರು ತಂದಿದ್ದಕ್ಕೆ ಹಲ್ಲೆಯಾಯ್ತು. ಜೈಪುರ ಸಂಸ್ಥಾನದ ಚಕ್ವಾರದಲ್ಲಿ ದಲಿತರೊಬ್ಬರು ತೀರ್ಥಯಾತ್ರೆ ಮುಗಿಸಿ ಬಂದು ತಮ್ಮವರಿಗೆ ಊಟ ಹಾಕಿಸಿದರು. ಅಡುಗೆಯಲ್ಲಿ ತುಪ್ಪ ಬಳಸಿದರು ಅನ್ನೋ ಕಾರಣಕ್ಕೆ ಉಣ್ಣುತ್ತಿದ್ದವರ ಮೇಲೆ ದಾಳಿ ನಡೀತು. ತಿರುವಾಂಕೂರಿನಲ್ಲಿ ನಾಡಾರ್‌ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯ್ತು. 1859ರಲ್ಲಿ ರಾಜಾಜ್ಞೆ ಬಂದಾಗಲೂ ಮೇಲ್ಜಾತಿಯವರ ಹಾಗೆ ಮೇಲುವಸ್ತ್ರ ಹೊದೆಯೋಕೆ ಅನುಮತಿ ಸಿಗಲಿಲ್ಲ.

ಹೀಗಿರುವಾಗ ‘ಪೂರ್ವಜರು ಸರಳವಾಗಿದ್ದರು’ ಅಂತ ಅವಳು ಬರೆದರೆ, ಅದು ಅವಳ ಅಜ್ಜಿಯ ಮೇಲೆ ಹೇರಿದ್ದನ್ನ ಅಜ್ಜಿಯ ಗುಣ ಅಂತ ಹೊಗಳಿದ ಹಾಗಾಗುತ್ತೆ. ಇರೋದನ್ನ ಬಿಟ್ಟುಕೊಡೋದು ಸರಳತೆ. ತೊಡೋಕೇ ಬಿಡದಿರೋದನ್ನ ಸರಳತೆ ಅನ್ನೋಕಾಗಲ್ಲ. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಶೂ, ಕೈಗೆ ವಾಚು ಕೆಲವರಿಗೆ ಬರೀ ಶೋಕಿ ಇರಬಹುದು. ಇನ್ನು ಕೆಲವರಿಗೆ ಅದು ‘ನಾನೂ ಮನುಷ್ಯ’ ಅಂತ ಬೀದಿಯಲ್ಲಿ ನಡೆದು ತೋರಿಸುವ ಕ್ರಮ.

ಇದು ಹಳೇ ಕಥೆಯಷ್ಟೇ ಆಗಿದ್ರೆ ನಾನಿಷ್ಟು ಬರೀತಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಕೇಳಿಬಂದ ಮಾತುಗಳನ್ನ ನೆನಪಿಸಿಕೊಳ್ಳಿ. ತಿಂಗಳಿಗೆ ಎರಡು ಸಾವಿರ ಕೂಡಿಟ್ಟು ಯಾರೋ ಫ್ರಿಡ್ಜ್‌ ತಗೊಂಡ್ರು, ಇನ್ಯಾರೋ ಮಗನಿಗೆ ಬೈಕ್‌ ಕೊಡಿಸಿದ್ರು ಅಂತ ಸುದ್ದಿಯಾದಾಗ, ‘ನಮ್ಮ ತೆರಿಗೆ ಹಣದಲ್ಲಿ ಮಜಾ’ ಅಂದವರು ಎಷ್ಟು ಜನ! ಹಾಗಂದವರ ಮನೆಯಲ್ಲಿ ಫ್ರಿಡ್ಜ್‌ ಇರಲಿಲ್ವಾ? ಬಡವರು ಕೊಂಡಾಗ ಮಾತ್ರ ಅದು ‘ಬಿಟ್ಟಿ ಶೋಕಿ’ ಆಗುತ್ತೆ, ಉಳ್ಳವರು ಕೊಂಡಾಗ ‘ಮಾರುಕಟ್ಟೆ ಚೇತರಿಕೆ’ ಆಗುತ್ತೆ. ಕೊಳ್ಳುಬಾಕತನದ ವಿರುದ್ಧದ ಉಪದೇಶ ಯಾರ ಕಡೆಗೆ ಬೆರಳು ತೋರಿಸುತ್ತೆ ಅನ್ನೋದನ್ನ ನೋಡಿಕೊಳ್ಳದಿದ್ರೆ, ಒಳ್ಳೇ ಉದ್ದೇಶದ ಪ್ರಬಂಧವೂ ಈ ಗುಂಪಿನಲ್ಲೇ ಹೋಗಿ ನಿಲ್ಲುತ್ತೆ.

ಬಟ್ಟೆ ಹೊಲಿದವರು ಎಲ್ಲಿ?

ಅವಳ ಅಮ್ಮ ಬೆಂಗಳೂರಿನ ಪೀಣ್ಯ ಕಡೆಯ ಗಾರ್ಮೆಂಟ್ಸ್‌ ಒಂದರಲ್ಲಿ ಟೈಲರ್‌. ಪ್ರಬಂಧದಲ್ಲಿ ‘ಯುವಜನರ ಬಟ್ಟೆ ಮೋಹ’ದ ಬಗ್ಗೆ ಒಂದೂವರೆ ಪುಟ ಇತ್ತು, ಬಟ್ಟೆ ಹೊಲಿಯುವವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇದು ಯಾಕೆ ಹೀಗಾಗುತ್ತೆ ಅನ್ನೋದಕ್ಕೆ ಮಾರ್ಕ್ಸ್‌ 1867ರ ‘ಬಂಡವಾಳ’ ಕೃತಿಯ ಮೊದಲ ಅಧ್ಯಾಯದಲ್ಲೇ ಒಂದು ವಿವರಣೆ ಕೊಟ್ಟಿದ್ದಾನೆ. ಮಾರುಕಟ್ಟೆಯಲ್ಲಿ ನಮಗೆ ಎದುರಾಗೋದು ವಸ್ತು ಮತ್ತು ಅದರ ಬೆಲೆ. ಆ ವಸ್ತುವಿನ ಹಿಂದೆ ಇರುವ ಮನುಷ್ಯರ ದುಡಿಮೆ, ಅವರವರ ನಡುವಿನ ಸಂಬಂಧ ಕಣ್ಣಿಗೆ ಬೀಳೋದೇ ಇಲ್ಲ. ಬೆಲೆ ಅನ್ನೋದು ಬಟ್ಟೆಗೆ ಹುಟ್ಟಿನಿಂದಲೇ ಬಂದ ಗುಣದ ಹಾಗೆ ತೋರುತ್ತೆ. ಕೊಳ್ಳುಬಾಕತನವನ್ನ ಬೈಯುವ ಪ್ರಬಂಧವೂ ಇದೇ ಮಾಯೆಗೆ ಸಿಕ್ಕಿಬೀಳುತ್ತೆ. ಅದಕ್ಕೆ ಕಾಣೋದು ವಸ್ತು ಮತ್ತು ಕೊಳ್ಳುವವ ಮಾತ್ರ.

2013ರ ಏಪ್ರಿಲ್‌ 24ರಂದು ಬಾಂಗ್ಲಾದೇಶದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಯುರೋಪ್‌, ಅಮೆರಿಕದ ಅಂಗಡಿಗಳಿಗೆ ಅಗ್ಗದ ಬಟ್ಟೆ ಹೊಲಿಯುತ್ತಿದ್ದ ಕಾರ್ಮಿಕರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು, ಆದರೂ ಅವರನ್ನ ಕೆಲಸಕ್ಕೆ ಕರೆಸಿದ್ದರು. ನಮ್ಮ ಬೆಂಗಳೂರಿನದ್ದೇ ಒಂದು ಉದಾಹರಣೆ ನೋಡಿ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನ 58 ವರ್ಷ ತುಂಬುವವರೆಗೆ ತೆಗೆಯೋಹಾಗಿಲ್ಲ ಅಂದಿತು. ಏಪ್ರಿಲ್‌ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್‌ ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು. ಎರಡನೇ ದಿನ ಸರ್ಕಾರ ಆ ಆದೇಶ ವಾಪಸ್‌ ಪಡೀತು. ಮಗಳ ಫೀಸು, ಮನೆಯ ಕಾಯಿಲೆ, ಕೆಲಸ ಬಿಟ್ಟ ನಡುವಿನ ತಿಂಗಳುಗಳಿಗೆ ಅವರಿಗಿದ್ದ ಒಂದೇ ಉಳಿತಾಯ ಪಿಎಫ್‌ ಹಣ. ಅದನ್ನ ಉಳಿಸಿಕೊಳ್ಳೋಕೆ ಬೀದಿಗೆ ಬಂದ ಹೆಂಗಸರಿಗೆ ‘ಉಳಿತಾಯದ ಮಹತ್ವ’ವನ್ನ ನಾವು ಕಲಿಸೋದಾ?

ಇದನ್ನ ಹೇಳಿದಾಗ ಅವಳು, “ಅಮ್ಮಾನೂ ಹೋಗಿದ್ರಂತೆ” ಅಂದಳು. ಅದು ಪ್ರಬಂಧದೊಳಕ್ಕೆ ಬಂತು. ಒಂದೂವರೆ ಪುಟದ ಬಟ್ಟೆ ಮೋಹ ಅರ್ಧ ಪುಟಕ್ಕೆ ಇಳೀತು.

ಹಾಗಾದ್ರೆ ಕೊಳ್ಳೋದೆಲ್ಲ ಸರೀನಾ?

ಈ ಪ್ರಶ್ನೆ ಅವಳದ್ದೇ. “ಅಕ್ಕಾ, ಹಂಗಾರೆ ಯಾರ್ನೂ ಏನೂ ಅನ್ನಂಗೇ ಇಲ್ವಾ?” ನ್ಯಾಯವಾದ ಪ್ರಶ್ನೆ. ನೀವೂ ಇದನ್ನೇ ಕೇಳ್ತಿರಬಹುದು.

ಅನ್ನಬೇಕು. ಆದರೆ ಸರಿಯಾದ ವಿಳಾಸಕ್ಕೆ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್‌ ವೆಬ್ಲೆನ್‌ 1899ರಲ್ಲಿ ‘ತೋರಿಕೆಯ ಭೋಗ’ದ ಬಗ್ಗೆ ಬರೆದಾಗ ಅವನ ಗುರಿ ದುಡಿಯದೆ ಉಣ್ಣುವ ಶ್ರೀಮಂತ ವರ್ಗ. ವಸ್ತು ಬೇಕು ಅಂತಲ್ಲ, ತಮ್ಮ ಅಂತಸ್ತು ಬೇರೆಯವರಿಗೆ ಕಾಣಬೇಕು ಅಂತ ಅವರು ಸುರೀತಾರೆ. ಕೆಳಗಿನವರು ಅದನ್ನ ನೋಡಿ ಅನುಕರಿಸ್ತಾರೆ. ನಮ್ಮ ಮದುವೆಗಳಲ್ಲಿ ಇದು ದಿನವೂ ಕಾಣುತ್ತೆ. ದೊಡ್ಡವರ ಮನೆ ಮದುವೆಯ ವೈಭವ ಟಿವಿಯಲ್ಲಿ ಗಂಟೆಗಟ್ಟಲೆ ಓಡುತ್ತೆ, ಅದರ ಸಣ್ಣ ನಕಲಿಗಾಗಿ ಹಳ್ಳಿಯ ಅಪ್ಪ ಜಮೀನು ಅಡ ಇಡ್ತಾನೆ. ಘನತೆಯ ಹಸಿವನ್ನೇ ಜಾಹೀರಾತು ಬಂಡವಾಳ ಮಾಡಿಕೊಳ್ಳುತ್ತೆ: ಈ ಬೈಕ್‌ ಇದ್ರೇ ಗಂಡಸು, ಈ ಕ್ರೀಮ್‌ ಹಚ್ಚಿದ್ರೇ ಚೆಲುವೆ. ಘನತೆಗಾಗಿ ಕೊಳ್ಳೋದು ಅರ್ಥವಾಗುವಂಥದ್ದು. ಆದರೆ ಅಂಗಡಿಯಲ್ಲಿ ಸಿಗುವ ಘನತೆ ಮುಂದಿನ ಮಾಡೆಲ್‌ ಬರೋವರೆಗೆ ಮಾತ್ರ. ಇದನ್ನ ಹೇಳೋದು ವಿಮರ್ಶೆಯ ಕೆಲಸವೇ.

ವಸ್ತುಗಳನ್ನ ಬೇಗ ಹಾಳಾಗುವಂತೆ ಮಾಡೋದೂ ಹೊಸದಲ್ಲ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್‌ ಕಂಪನಿಗಳು ಸೇರಿ ‘ಫೀಬಸ್‌’ ಅನ್ನೋ ಕೂಟ ಕಟ್ಟಿಕೊಂಡವು. ಹೆಚ್ಚು ಕಾಲ ಉರಿಯುತ್ತಿದ್ದ ಬಲ್ಬುಗಳ ಆಯಸ್ಸನ್ನ ಬೇಕಂತಲೇ 1,000 ಗಂಟೆಗೆ ಇಳಿಸಿದವು. ಇವತ್ತು ಬ್ಯಾಟರಿ ಬಿಚ್ಚೋಕಾಗದ ಫೋನು, ಸ್ಪೇರ್‌ ಪಾರ್ಟ್‌ ಸಿಗದ ಮಿಕ್ಸಿ ನಮ್ಮ ಕೈಲಿದೆ. ‘ಜನ ಹಳೇದನ್ನ ಎಸೀತಾರೆ’ ಅಂತ ಬರೆಯುವ ಮುಂಚೆ, ರಿಪೇರಿ ಮಾಡಿಸೋಕೆ ಬಿಟ್ಟಿದ್ದಾರಾ ಅಂತ ಕೇಳಬೇಕು.

ಪರಿಸರದ ಲೆಕ್ಕವೂ ಹೀಗೇ. 1990ರಿಂದ 2015ರವರೆಗಿನ ಇಂಗಾಲ ಹೊರಸೂಸುವಿಕೆಯಲ್ಲಿ ಜಗತ್ತಿನ ಶ್ರೀಮಂತ ಶೇ. 10ರಷ್ಟು ಜನರ ಪಾಲು ಶೇ. 52, ಬಡ ಅರ್ಧದಷ್ಟು ಜನರ ಪಾಲು ಶೇ. 7 ಅಂತ ಆಕ್ಸ್‌ಫ್ಯಾಮ್‌ 2020ರಲ್ಲಿ ವರದಿ ಮಾಡಿತ್ತು. ಭೂಮಿ ಬಿಸಿಯಾಗ್ತಿರೋದು ನಿಜ. ಬಿಸಿ ಮಾಡಿದವರು ‘ನಾವೆಲ್ಲರೂ’ ಅನ್ನೋದು ಅರ್ಧ ಸುಳ್ಳು.

ಉಪಸಂಹಾರ ತಿದ್ದೋದು

ಮೂಲ ಪ್ರಬಂಧ ಮುಗಿದಿದ್ದು ‘ಆದ್ದರಿಂದ ನಾವೆಲ್ಲರೂ ಆಸೆಗಳನ್ನು ನಿಯಂತ್ರಿಸಿ ಸರಳ ಜೀವನ ನಡೆಸೋಣ’ ಅಂತ. ಗಾಂಧೀಜಿ ಮತ್ತು ಬಸವಣ್ಣನವರ ಹೆಸರೂ ಬಂದಿತ್ತು. ಅವರನ್ನ ತೆಗೆಯೋದು ಬೇಡ, ಅವರು ಹೇಳಿದ್ದನ್ನ ಪೂರ್ತಿ ಹೇಳು ಅಂದೆ. ಶರಣರ ಕಾಯಕ ಮತ್ತು ದಾಸೋಹ ಬರೀ ಮಿತವ್ಯಯದ ಪಾಠವಲ್ಲ. ದುಡಿಯದೆ ಕೂಡಿಡುವವರಿಗೆ ಅದು ಹಾಕಿದ ಪ್ರಶ್ನೆ. ಗಾಂಧಿಯ ಖಾದಿಯೂ ವೈಯಕ್ತಿಕ ವ್ರತ ಮಾತ್ರ ಅಲ್ಲ, ಮ್ಯಾಂಚೆಸ್ಟರಿನ ಮಾರುಕಟ್ಟೆಯ ವಿರುದ್ಧ ಕೋಟ್ಯಂತರ ಜನ ಒಟ್ಟಾಗಿ ಮಾಡಿದ ರಾಜಕೀಯ. ಆ ಜಾಡಿನಲ್ಲೇ 2017ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈಯಿಂದ ಮಾಡಿದ ಉತ್ಪನ್ನಗಳ ಮೇಲೆ ಜಿಎಸ್‌ಟಿ ಬೇಡ ಅಂತ ಬೆಂಗಳೂರಿನಲ್ಲಿ ಉಪವಾಸ ಕೂತಿದ್ದರು. ಸರಳ ಬದುಕಿನ ಮಾತು ಅಲ್ಲಿ ತೆರಿಗೆ ನೀತಿಯ ಪ್ರಶ್ನೆಯಾಗಿ ಬಂತು.

ಹಾಗಾಗಿ ಹೊಸ ಉಪಸಂಹಾರದಲ್ಲಿ ಸಲಹೆಗಳ ಜಾಗಕ್ಕೆ ಬೇಡಿಕೆಗಳು ಬಂದವು. ಅವಳು ಬರೆದಿದ್ದನ್ನ ಸ್ವಲ್ಪ ಚಿಕ್ಕದು ಮಾಡಿ ಕೊಡ್ತೀನಿ:

“ಬಸ್ಸು ಬರುವ ಊರಿನಲ್ಲಿ ಬೈಕ್‌ ಸಾಲ ಕಡಿಮೆಯಾಗುತ್ತದೆ. ಒಳ್ಳೆಯ ಸರ್ಕಾರಿ ಆಸ್ಪತ್ರೆ ಇರುವ ಊರಿನಲ್ಲಿ ಕೈಸಾಲ ಕಡಿಮೆಯಾಗುತ್ತದೆ. ಸಾಲ ಕೊಡುವವರು ನಿಜವಾದ ಬಡ್ಡಿಯನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಮಾರಿದ ವಸ್ತುವನ್ನು ರಿಪೇರಿ ಮಾಡಲು ಬಿಡಿಭಾಗ ಕೊಡಬೇಕು. ಬಟ್ಟೆ ಹೊಲಿಯುವ ನನ್ನ ಅಮ್ಮನಿಗೆ ತಾನು ಹೊಲಿದ ಬಟ್ಟೆಯನ್ನು ಸಾಲವಿಲ್ಲದೆ ಕೊಳ್ಳುವಷ್ಟು ಸಂಬಳ ಬರಬೇಕು. ಇಷ್ಟಾದ ಮೇಲೂ ಯಾರಾದರೂ ಅನಗತ್ಯವಾಗಿ ಕೊಂಡರೆ ಆಗ ಅವರ ಆಸೆಯ ಬಗ್ಗೆ ಮಾತನಾಡೋಣ.”

ಇವು ಗಾಳಿಯಲ್ಲಿ ಹೇಳಿದ ಮಾತುಗಳಲ್ಲ. ರಿಪೇರಿ ಹಕ್ಕಿನ ಚೌಕಟ್ಟು ರೂಪಿಸೋಕೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲೇ ಸಮಿತಿ ಮಾಡಿತ್ತು. ಮೊಬೈಲ್‌, ಗೃಹೋಪಯೋಗಿ ಉಪಕರಣ, ವಾಹನದ ಜೊತೆಗೆ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿದ್ದವು. ಯುರೋಪಿಯನ್‌ ಒಕ್ಕೂಟ 2024ರಲ್ಲಿ ಇದಕ್ಕೆ ಕಾನೂನನ್ನೇ ತಂದಿದೆ. ಟ್ರ್ಯಾಕ್ಟರ್‌ ರಿಪೇರಿಗೆ ಕಂಪನಿಯ ಸರ್ವಿಸ್‌ ಸೆಂಟರಿಗೇ ಅಲೆಯುವ ರೈತನಿಗೂ, ಡಿಸ್‌ಪ್ಲೇ ಒಡೆದ ಫೋನ್‌ ಹಿಡಿದ ವಿದ್ಯಾರ್ಥಿಗೂ ಇಲ್ಲಿ ಒಂದೇ ಬೇಡಿಕೆ ಇದೆ.

ಪ್ರಬಂಧ ಸ್ಪರ್ಧೆಗೆ ಹೋಯ್ತು. ತೀರ್ಪುಗಾರರಿಗೆ ಉಪದೇಶವೇ ಇಷ್ಟವಾದ್ರೆ ಬಹುಮಾನ ಸಿಗಲಿಕ್ಕಿಲ್ಲ ಅಂತ ಅವಳಿಗೆ ಮೊದಲೇ ಹೇಳಿದ್ದೆ. “ಹೋಗ್ಲಿ ಬಿಡಿ ಅಕ್ಕಾ, ಇದನ್ನ ಅಮ್ಮಂಗೆ ಓದಿ ಹೇಳ್ಬೋದು. ಮೊದಲಿಂದನ್ನ ಓದಿದ್ರೆ ಬೈಸ್ಕಂತಿದ್ದೆ” ಅಂದಳು.

ನೀವು ಹಾಸ್ಟೆಲಿನಲ್ಲೋ, ಸಂಘಟನೆಯಲ್ಲೋ, ನಿಮ್ಮ ಇನ್‌ಸ್ಟಾ ಪೇಜಿನಲ್ಲೋ ಈ ವಿಷಯ ಬರೆಯುವಾಗ ಪ್ರತಿ ವಾಕ್ಯಕ್ಕೂ ಮೂರು ಪ್ರಶ್ನೆ ಕೇಳಿ ನೋಡಿ. ಕೊಂಡವರು ನಿರ್ದಿಷ್ಟವಾಗಿ ಯಾರು? ಅದನ್ನ ಕೊಳ್ಳದೇ ಇರುವ ದಾರಿ ಅವರಿಗಿತ್ತಾ? ಆ ಖರೀದಿಯಿಂದ ಲಾಭ ಯಾರಿಗೆ ಹೋಯ್ತು? ಉತ್ತರ ಸಿಗದ ವಾಕ್ಯವನ್ನ ಹೊಡೆದುಹಾಕಿ. ಉಳಿದದ್ದನ್ನ, ನೀವು ಯಾರ ಬಗ್ಗೆ ಬರೆದಿದ್ದೀರೋ ಅವರ ಮುಂದೆಯೇ ಕೂತು ಒಮ್ಮೆ ಗಟ್ಟಿಯಾಗಿ ಓದಿ.